ಮುಷ್ಟಿಯುದ್ಧದಲ್ಲಿ ಮೈತೂಕದ ಲೆಕ್ಕ

೨೦೨೪ನೆಯ ಇಸವಿಯ ಆಗಸ್ಟ್ ೭ರಂದು ಪ್ಯಾರಿಸ್ಸಿನ ಒಲಿಂಪಿಕ್ ಕೂಟದಲ್ಲಿ ನಮ್ಮ ದೇಶದ ಕುಸ್ತಿಪಟು ವಿನೇಶ್ ಫೋಗಾಟ್ ಅವರನ್ನು ಅಂತಿಮ ಪಂದ್ಯಕ್ಕೆ ಬಿಡಲಿಲ್ಲ. ಐವತ್ತು ಕಿಲೋ ವರ್ಗದಲ್ಲಿ ಸೆಣಸುತ್ತಿದ್ದ ಅವರ ಮೈತೂಕ ಆ ಬೆಳಿಗ್ಗೆ ನೂರು ಗ್ರಾಂ ಹೆಚ್ಚಾಗಿತ್ತು. ನೂರು ಗ್ರಾಂ ಎಂದರೆ ಎಷ್ಟು? ಒಂದು ಸಾಬೂನಿನ ಬಿಲ್ಲೆ, ಇಲ್ಲವೆ ಅರ್ಧ ಲೋಟ ನೀರು. ಇಷ್ಟಕ್ಕೆ ಇಂಥ ಶಿಕ್ಷೆಯೇ ಎಂದು ದೇಶವೆಲ್ಲ ಕೇಳಿತು. ಕೇಳಿದ್ದು ಸಹಜ. ನೂರು ಗ್ರಾಮಿನಿಂದ ಯಾರೂ ಹೆಚ್ಚು ಬಲಿಷ್ಠರಾಗುವುದಿಲ್ಲ. ಆದರೆ ಗೆರೆಯನ್ನು ಎಲ್ಲಿಯಾದರೂ ಒಂದು ಕಡೆ ಎಳೆಯಬೇಕಷ್ಟೆ. ಎಳೆದ ಮೇಲೆ ಅದರ ಈಚೆ ನಿಂತವರು, ಆಚೆ ನಿಂತವರು ಇದ್ದೇ ಇರುತ್ತಾರೆ. ಗೆರೆಯನ್ನು ಎಳೆದದ್ದಾದರೂ ಏಕೆ ಎಂಬುದೇ ಇಲ್ಲಿ ನಾವು ವಿಚಾರಿಸಬೇಕೆಂದಿರುವ ಸಂಗತಿ. ಅದಕ್ಕೆ ಕುಸ್ತಿಗಿಂತ ಮುಷ್ಟಿಯುದ್ಧ, ಅಂದರೆ ಬಾಕ್ಸಿಂಗ್, ಒಳ್ಳೆಯ ಪಾಠ. ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಸಾಕು. ಮುಷ್ಟಿಯುದ್ಧದಲ್ಲಿ ಗುರಿ ತಲೆ. ಅಲ್ಲಿ ತೂಕದ ತಪ್ಪಿಗೆ ತೆರುವ ಬೆಲೆಯೇ ಬೇರೆ.

ಮೊದಲು ಈ ಆಟಕ್ಕೆ ತಕ್ಕಡಿಯೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಜ್ಯಾಕ್ ಬ್ರೌಟನ್ ಎಂಬವನು ೧೭೪೩ರಲ್ಲಿ ಬರೆದಿಟ್ಟ ಮೊದಲ ನಿಯಮಗಳಲ್ಲಿ ಬಿದ್ದವನನ್ನು ಹೊಡೆಯಬಾರದು, ಸೊಂಟದ ಕೆಳಗೆ ಹಿಡಿಯಬಾರದು ಎಂದಿತ್ತು; ಯಾರು ಯಾರೊಡನೆ ಕಾದಬೇಕು ಎಂಬುದರ ಮಾತಿರಲಿಲ್ಲ. ಆ ಕಾಲದ ಜಾಣ ಮಲ್ಲನೆಂದರೆ ಲಂಡನ್ನಿನ ಯೆಹೂದಿ ಡೇನಿಯಲ್ ಮೆಂಡೋಜಾ. ಎತ್ತರ ಐದಡಿ ಏಳಂಗುಲ, ತೂಕ ಸುಮಾರು ೧೬೦ ಪೌಂಡು. (ಪೌಂಡು ಎಂದರೆ ನಮ್ಮ ಹಿರಿಯರ ರಾತಲು, ಈಗಿನ ಲೆಕ್ಕದಲ್ಲಿ ೪೫೪ ಗ್ರಾಂ. ಈ ಆಟದ ಹಳೆಯ ಲೆಕ್ಕವೆಲ್ಲ ಪೌಂಡಿನಲ್ಲಿಯೇ ಇರುವುದರಿಂದ ನಾವೂ ಹಾಗೆಯೇ ಬರೆಯುತ್ತೇವೆ.) ನಿಂತಲ್ಲೇ ನಿಂತು ಗುದ್ದಾಡುತ್ತಿದ್ದ ಕಾಲದಲ್ಲಿ ಮೆಂಡೋಜಾ ಕಾಲು ಚಲಿಸಿ, ತಲೆ ತಪ್ಪಿಸಿ, ತನಗಿಂತ ದೊಡ್ಡವರನ್ನು ದಣಿಸಿ ಗೆದ್ದನು. ಆದರೆ ೧೭೯೫ರಲ್ಲಿ ಜಾನ್ ಜ್ಯಾಕ್ಸನ್ ಎದುರಾದನು. ಇವನು ಐದು ವರ್ಷ ಚಿಕ್ಕವನು, ನಾಲ್ಕಂಗುಲ ಎತ್ತರ, ನಲವತ್ತು ಪೌಂಡಿಗೂ ಮಿಕ್ಕಿ ಭಾರ. ಒಂಬತ್ತು ಸುತ್ತಿನಲ್ಲಿ, ಸುಮಾರು ಹತ್ತೇ ನಿಮಿಷದಲ್ಲಿ, ಎಲ್ಲವೂ ಮುಗಿಯಿತು. ಜ್ಯಾಕ್ಸನ್ ಮೆಂಡೋಜಾನ ಉದ್ದ ಕೂದಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗುದ್ದಿದನು. ಕೂದಲು ಹಿಡಿಯಬಾರದೆಂದು ನಿಯಮವಿರಲಿಲ್ಲ. ಜನ ಇಂದಿಗೂ ಕೂದಲಿನ ಕಥೆಯನ್ನೇ ಹೇಳುತ್ತಾರೆ. ನಮಗೆ ತೋರುವುದು ಬೇರೆ: ಹಾಗೆ ಒಂದು ಕೈಯಲ್ಲಿ ಹಿಡಿದು ನಿಲ್ಲಿಸಬೇಕಾದರೆ ಹಿಡಿದವನಿಗೆ ಆ ನಲವತ್ತು ಪೌಂಡು ಬೇಕಿತ್ತು.

ಮುಂದೆ ೧೮೬೭ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಕೈಗವಸು, ಮೂರು ನಿಮಿಷದ ಸುತ್ತು, ಬಿದ್ದವನಿಗೆ ಹತ್ತರ ಎಣಿಕೆ ಇವನ್ನು ತಂದವು. ತೂಕದ ವರ್ಗಗಳ ಹೆಸರುಗಳು ಆಗಲೇ ಬಳಕೆಯಲ್ಲಿದ್ದರೂ ಮಿತಿ ಮಾತ್ರ ಪಂದ್ಯದಿಂದ ಪಂದ್ಯಕ್ಕೆ ಬದಲಾಗುತ್ತಿತ್ತು. ೧೯೦೯ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬು ಎಂಟು ವರ್ಗಗಳನ್ನು ಗೊತ್ತುಮಾಡಿತು. ಫ್ಲೈ ೧೧೨ ಪೌಂಡು, ಬ್ಯಾಂಟಂ ೧೧೮, ಫೆದರ್ ೧೨೬, ಲೈಟ್ ೧೩೫, ವೆಲ್ಟರ್ ೧೪೭, ಮಿಡ್ಲ್ ೧೬೦, ಲೈಟ್ ಹೆವಿ ೧೭೫. ಅದಕ್ಕೂ ಮೇಲ್ಪಟ್ಟವರೆಲ್ಲ ಹೆವಿ. ನೊಣ, ಗಿಡ್ಡ ಹುಂಜ, ಹಕ್ಕಿಯ ಗರಿ ಎಂದು ಮೊದಲ ಮೂರಕ್ಕೆ ಹೆಸರಿಟ್ಟವರಲ್ಲಿ ಸ್ವಲ್ಪ ವಿನೋದವೂ ಇತ್ತೆಂದು ಕಾಣುತ್ತದೆ. ಎಂಟಿದ್ದ ವರ್ಗಗಳು ಕಾಲಕ್ರಮದಲ್ಲಿ ವೃತ್ತಿಪರರಲ್ಲಿ ಹದಿನೇಳಾಗಿ, ಅದರ ಮೇಲೂ ಬೆಳೆದಿವೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಕೆಳಗಿನ ವರ್ಗಗಳ ನಡುವೆ ಅಂತರ ಆರು, ಎಂಟು ಪೌಂಡು. ಮೇಲೆ ಹೋದಂತೆ ಹದಿಮೂರು, ಹದಿನೈದು. ಏಕೆ? ಹನ್ನೆರಡು ಸಾವಿರ ಸಂಬಳದ ಗುಮಾಸ್ತನಿಗೆ ಸಾವಿರ ರೂಪಾಯಿ ಬಡ್ತಿ ಬಂದರೆ ಮನೆಯಲ್ಲಿ ಹಾಲಿನ ಲೆಕ್ಕವೇ ಬದಲಾಗುತ್ತದೆ. ಅವನ ಮೇಲಧಿಕಾರಿಗೆ ಅದೇ ಸಾವಿರ ಕಣ್ಣಿಗೂ ಬೀಳುವುದಿಲ್ಲ. ಮೈತೂಕವೂ ಹಾಗೆಯೇ. ೧೧೨ ಪೌಂಡಿನವನಿಗೆ ಆರು ಪೌಂಡು ನೂರಕ್ಕೆ ಐದರಷ್ಟು. ೧೬೦ ಪೌಂಡಿನವನಿಗೆ ಅದು ನಾಲ್ಕಕ್ಕೂ ಕಡಿಮೆ. ದೇಹ ಸಣ್ಣದಾದಷ್ಟೂ ಒಂದೊಂದು ಪೌಂಡಿನ ಮಹತ್ವ ಹೆಚ್ಚು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ತೂಕ ಗುದ್ದಿನಲ್ಲಿ ಮಾಡುವುದೇನು? ೧೯೮೫ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಹೆವಿ ವರ್ಗದ ಫ್ರಾಂಕ್ ಬ್ರೂನೋ ಎಂಬ ಪ್ರಸಿದ್ಧ ಪಟುವಿನಿಂದ ಅಳತೆಯ ಯಂತ್ರ ಅಳವಡಿಸಿದ ಮೆತ್ತೆಯ ಗುರಿಗೆ ಗುದ್ದಿಸಿದರು. ಮುಷ್ಟಿಯ ವೇಗ ಸೆಕೆಂಡಿಗೆ ೮.೯ ಮೀಟರ್, ಗುದ್ದಿನ ಬಲ ಅದರ ಶಿಖರದಲ್ಲಿ ಸುಮಾರು ನಾಲ್ಕು ಕ್ವಿಂಟಲಿನ ಭಾರಕ್ಕೆ ಸಮ. ಐವತ್ತು ಕಿಲೋದ ಎಂಟು ಅಕ್ಕಿಮೂಟೆಗಳ ಭಾರ, ಕಣ್ಣು ರೆಪ್ಪೆ ಹೊಡೆಯುವುದಕ್ಕಿಂತ ಕಡಿಮೆ ಕಾಲ, ಒಂದು ಮುಷ್ಟಿಯಗಲದ ಜಾಗದ ಮೇಲೆ. ಅನಂತರ ೨೦೦೫ರಲ್ಲಿ ಪ್ರಕಟವಾದ ಇನ್ನೊಂದು ಅಳತೆಯಲ್ಲಿ ಒಲಿಂಪಿಕ್ ಮಟ್ಟದ ಏಳು ಮಂದಿಯನ್ನು, ಫ್ಲೈ ವರ್ಗದಿಂದ ಹಿಡಿದು ಅತಿ ಭಾರದ ವರ್ಗದವರೆಗೆ, ಪರೀಕ್ಷಿಸಿದರು. ಭಾರದವರ ಗುದ್ದು ಬಲವಾದದ್ದು ಮುಖ್ಯವಾಗಿ ಕೈ ಬೇಗ ಬಂದುದರಿಂದಲ್ಲ, ಕೈಯ ಹಿಂದೆ ಹೆಚ್ಚು ತೂಕ ಬಂದುದರಿಂದ ಎಂದು ಕಂಡುಬಂದಿತು. ಅಕ್ಕಸಾಲಿಯ ಸುತ್ತಿಗೆಯನ್ನೂ ಕಮ್ಮಾರನ ಸಮ್ಮಟಿಗೆಯನ್ನೂ ಒಂದೇ ವೇಗದಲ್ಲಿ ಬೀಸಿದರೆ ಯಾವುದು ಕಬ್ಬಿಣವನ್ನು ಬಗ್ಗಿಸುತ್ತದೆ ಎಂದು ನಾವು ವಾಚಕರಿಗೆ ಹೇಳಬೇಕಾಗಿಲ್ಲ.

ಆದರೆ ಇಲ್ಲಿಯೇ ಚಿಕ್ಕವನಿಗೆ ಒಂದು ಬಾಗಿಲು ತೆರೆದಿದೆ. ಗುದ್ದಿನ ಹಿಂದೆ ಇಡೀ ಮೈತೂಕ ಬರುವುದಿಲ್ಲ. ಆ ಅಳತೆಯಲ್ಲಿ ಮುಷ್ಟಿಯೊಡನೆ ಬಂದ ತೂಕ ಸರಾಸರಿ ಮೂರು ಕಿಲೋದಷ್ಟು ಮಾತ್ರ. ಪಾದ ನೆಲಕ್ಕೆ ಒತ್ತಿ, ಸೊಂಟ ತಿರುಗಿ, ಭುಜ ಜೊತೆಗೂಡಿ, ತಾಗುವ ಕ್ಷಣದಲ್ಲಿ ಮಣಿಕಟ್ಟು ಬಿಗಿಯಾದರೆ ತೂಕ ಹೆಚ್ಚು ಬರುತ್ತದೆ. ಬರೀ ತೋಳಿನಿಂದ ಹೊಡೆದರೆ ತೋಳಿನ ತೂಕ ಮಾತ್ರ ಬರುತ್ತದೆ. ಕಲಿತ ಚಿಕ್ಕವನು ಕಲಿಯದ ದೊಡ್ಡವನಿಗಿಂತ ಬಲವಾಗಿ ಗುದ್ದಬಲ್ಲನು. ಕಲಿತ ದೊಡ್ಡವನ ಎದುರು ಮಾತ್ರ ಈ ಲಾಭ ಉಳಿಯುವುದಿಲ್ಲ.

ಗುದ್ದು ತಿನ್ನುವವನ ಕಡೆಯಿಂದ ನೋಡಿದರೆ ಸಂಗತಿ ಇನ್ನೂ ಗಂಭೀರ. ಮನುಷ್ಯ ಪ್ರಜ್ಞೆ ತಪ್ಪಿ ಬೀಳುವುದು ತಲೆ ಥಟ್ಟನೆ ತಿರುಗಿ, ಅದರೊಳಗಿನ ಮೆದುಳು ಜಗ್ಗಿದಾಗ. ಐವತ್ತು ಕಿಲೋದವನಿಗೂ ನೂರು ಕಿಲೋದವನಿಗೂ ತೋಳು ತೊಡೆಗಳಲ್ಲಿ ಎಷ್ಟೋ ವ್ಯತ್ಯಾಸ. ಮೆದುಳಿನ ಗಾತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೈ ಬೆಳೆದಂತೆ ಗುದ್ದು ಬೆಳೆಯುತ್ತದೆ, ಮೆದುಳಿನ ಸಹನೆ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಭಾರದ ವರ್ಗಗಳಲ್ಲಿ ನಾಕೌಟುಗಳು ಹೆಚ್ಚಾಗಿ ಕಾಣುವುದು ಇದರಿಂದಲೇ.

ಮೂರನೆಯ ಸಂಗತಿ ಪ್ರೇಕ್ಷಕರಿಗೆ ಕಾಣದ್ದು: ಒರಗುವಿಕೆ. ಇಬ್ಬರೂ ಹತ್ತಿರ ಬಂದು ತಬ್ಬಿ ನಿಂತಾಗ ಭಾರದವನು ತನ್ನ ಮೈಯನ್ನು ಎದುರಾಳಿಯ ಕುತ್ತಿಗೆ ಭುಜಗಳ ಮೇಲೆ ಹೊರಿಸುತ್ತಾನೆ. ಮೂಟೆ ಹೊತ್ತು ಗೊತ್ತಿದ್ದವರಿಗೆ ಇದು ತಿಳಿಯುತ್ತದೆ. ೧೯೩೪ರ ಮಾರ್ಚ್ ೧ರಂದು ಮಯಾಮಿಯಲ್ಲಿ ಇಟಲಿಯ ಪ್ರೈಮೋ ಕಾರ್ನೆರಾ ೨೭೦ ಪೌಂಡು ತೂಗಿದನು. ಎದುರಾಳಿ ಟಾಮಿ ಲಾಫ್ರನ್ ೧೮೪. ಲಾಫ್ರನ್ ಲೈಟ್ ಹೆವಿ ವರ್ಗದ ಮಾಜಿ ಜಗಜ್ಜಟ್ಟಿ, ಕೈಚಳಕದಲ್ಲಿ ಕಾರ್ನೆರಾನಿಗಿಂತ ಎಷ್ಟೋ ಮೇಲು. ಅವನನ್ನು ಕಾರ್ನೆರಾ ಕೆಡವಲಿಲ್ಲ. ಹದಿನೈದು ಸುತ್ತು ಮುಗಿದ ಮೇಲೆ ಅಂಕಗಳಿಂದ ಗೆದ್ದನು.

ತೋಳಿನ ನೀಳವನ್ನು ತೂಕದೊಡನೆ ಬೆರೆಸಬಾರದು. ಒಂದೇ ತೂಕದ ಇಬ್ಬರಲ್ಲಿ ಒಬ್ಬನು ಎತ್ತರವಿದ್ದರೆ ಅವನ ಕೈ ದೂರಕ್ಕೆ ತಲುಪುತ್ತದೆ, ಆದರೆ ಮೈ ತೆಳ್ಳಗಿರುತ್ತದೆ. ಅದು ಹೊಂದಿಸಿಕೊಳ್ಳಬಹುದಾದ ವ್ಯತ್ಯಾಸ. ಆದ್ದರಿಂದಲೇ ಎತ್ತರಕ್ಕೆ ವರ್ಗಗಳಿಲ್ಲ.

"ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಎಂಬ ನಮ್ಮ ಗಾದೆಗೆ ಮುಷ್ಟಿಯುದ್ಧದ ಚರಿತ್ರೆಯಲ್ಲಿ ಉದಾಹರಣೆಗಳಿಲ್ಲದೆ ಇಲ್ಲ. ೧೮೯೭ರ ಮಾರ್ಚ್ ೧೭ರಂದು ಅಮೆರಿಕದ ನೆವಾಡಾ ಸಂಸ್ಥಾನದ ಕಾರ್ಸನ್ ನಗರದಲ್ಲಿ ಬಾಬ್ ಫಿಟ್ಜ್‌ಸಿಮನ್ಸ್ ಕೇವಲ ೧೬೭ ಪೌಂಡು ತೂಕದಲ್ಲಿ ಹೆವಿ ವರ್ಗದ ಪ್ರಶಸ್ತಿ ಗೆದ್ದನು. ಹಿಂದೆ ಕಮ್ಮಾರನಾಗಿದ್ದವನು, ಕಾಲು ಸಣಕಲು, ಭುಜ ಮಾತ್ರ ಹೆವಿ ವರ್ಗದ್ದು. ಹದಿನಾಲ್ಕನೆಯ ಸುತ್ತಿನಲ್ಲಿ ಕಾರ್ಬೆಟ್ಟನ ತಲೆಗಲ್ಲ, ಎದೆಗೂಡಿನ ಕೆಳಗಿನ ಗುಂಡಿಗೆ ಗುದ್ದಿ ಉಸಿರು ಕಟ್ಟಿಸಿದನು. ಎರಡು ವರ್ಷಗಳ ಬಳಿಕ ಇದೇ ಫಿಟ್ಜ್‌ಸಿಮನ್ಸನನ್ನು ೨೦೬ ಪೌಂಡಿನ ಜೆಫ್ರೀಸ್ ಹನ್ನೊಂದನೆಯ ಸುತ್ತಿನಲ್ಲಿ ಮಲಗಿಸಿದನು. ಗಾದೆ ಹೇಳುವವರು ಈ ಎರಡನೆಯ ಪಂದ್ಯವನ್ನು ಹೇಳುವುದಿಲ್ಲ.

೧೯೧೯ರ ಜುಲೈ ೪ರ ಟೊಲೆಡೊ ಪಂದ್ಯವನ್ನೂ ಹೀಗೆಯೇ ಎತ್ತಿ ಆಡುತ್ತಾರೆ. ೧೮೭ ಪೌಂಡಿನ ಜ್ಯಾಕ್ ಡೆಂಪ್ಸಿ ೨೪೫ ಪೌಂಡಿನ, ಆರೂವರೆ ಅಡಿ ಎತ್ತರದ ಜೆಸ್ ವಿಲ್ಲಾರ್ಡನನ್ನು ಮೊದಲ ಸುತ್ತಿನಲ್ಲಿಯೇ ಏಳು ಸಲ ಕೆಡವಿದನು. ಮೂರು ಸುತ್ತಿನ ಮೇಲೆ ವಿಲ್ಲಾರ್ಡ್ ಏಳಲಿಲ್ಲ. ನಿಜ. ಆದರೆ ವಿಲ್ಲಾರ್ಡನಿಗೆ ಆಗ ಮೂವತ್ತೇಳು ವರ್ಷ. ೧೯೧೬ರಿಂದ ಪ್ರಶಸ್ತಿಯನ್ನು ಪಣಕ್ಕೇ ಇಟ್ಟಿರಲಿಲ್ಲ. ಡೆಂಪ್ಸಿಗೆ ಇಪ್ಪತ್ತನಾಲ್ಕು, ಹಸಿದ ಹುಲಿ. ಆ ಪಂದ್ಯವನ್ನು ತೂಕದ ಪರೀಕ್ಷೆ ಎನ್ನುವುದಕ್ಕಿಂತ ವಯಸ್ಸಿನ ಪರೀಕ್ಷೆ ಎನ್ನುವುದೇ ನ್ಯಾಯ.

ನಮ್ಮ ಅಭಿಪ್ರಾಯದಲ್ಲಿ ಈ ವಿಷಯವನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿಸುವುದು ೧೯೪೧ರ ಜೂನ್ ೧೮ರ ಪಂದ್ಯ. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನ. ಒಂದು ಕಡೆ ಹೆವಿ ವರ್ಗದ ಜಗಜ್ಜಟ್ಟಿ ಜೋ ಲೂಯಿಸ್, ೧೯೯½ ಪೌಂಡು. ಇನ್ನೊಂದು ಕಡೆ ಲೈಟ್ ಹೆವಿ ಪ್ರಶಸ್ತಿಯನ್ನು ಬಿಟ್ಟುಕೊಟ್ಟು ಬಂದ ಬಿಲ್ಲಿ ಕಾನ್, ದಾಖಲೆಯಲ್ಲಿ ೧೭೪. ನಿಜವಾಗಿ ಅದಕ್ಕಿಂತಲೂ ಕಡಿಮೆ ಎಂದು ಆಗಲೇ ಮಾತಿತ್ತು. ಕಾನ್ ಮೊದಲು ಸ್ವಲ್ಪ ತಡವರಿಸಿದರೂ ಬಳಿಕ ಲಯ ಹಿಡಿದನು: ಬಂದು ಎರಡು ಹೊಡೆದು, ಲೂಯಿಸ್ ಕೈ ಎತ್ತುವುದರೊಳಗೆ ಪಕ್ಕಕ್ಕೆ ಸರಿದುಬಿಡುವುದು. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಪಟ್ಟಿಯಲ್ಲಿ ಕಾನ್ ಮುಂದಿದ್ದನು, ಒಬ್ಬರಲ್ಲಿ ಸರಿಸಮ. ಹನ್ನೆರಡನೆಯ ಸುತ್ತಿನಲ್ಲಿ ಲೂಯಿಸನನ್ನು ತತ್ತರಿಸುವಂತೆಯೂ ಮಾಡಿದ್ದನು. ಉಳಿದದ್ದು ಮೂರೇ ಸುತ್ತು. ಅದೇ ರೀತಿ ಓಡಾಡಿಕೊಂಡಿದ್ದರೆ ಪ್ರಶಸ್ತಿ ಅವನದು. ಆದರೆ ಹದಿಮೂರನೆಯ ಸುತ್ತಿಗೆ ಅವನು ಲೂಯಿಸನನ್ನು ಕೆಡವಿಯೇ ಗೆಲ್ಲಬೇಕೆಂದು ಹೊರಟನು. ಕೆಡವಬೇಕಾದರೆ ಹತ್ತಿರ ನಿಲ್ಲಬೇಕು. ನಿಂತನು. ಸುತ್ತು ಮುಗಿಯಲು ಎರಡು ಸೆಕೆಂಡು ಇರುವಾಗ ಎಣಿಕೆ ಮುಗಿದು ಕಾನ್ ಸೋತನು. ೧೯೪೬ರ ಮರುಪಂದ್ಯದಲ್ಲಿ ಲೂಯಿಸ್ ಎಂಟನೆಯ ಸುತ್ತಿನಲ್ಲಿಯೇ ಮುಗಿಸಿದನು.

ಕಾನ್ ದುಡುಕಿದನು ಎಂದು ಎಲ್ಲರೂ ಹೇಳುತ್ತಾರೆ. ನಾವು ಅಷ್ಟಕ್ಕೇ ನಿಲ್ಲಿಸಲಾರೆವು. ಲೂಯಿಸನೂ ಆ ರಾತ್ರಿ ತಪ್ಪುಗಳನ್ನು ಮಾಡಿದ್ದನು. ಹನ್ನೆರಡು ಸುತ್ತಿನಲ್ಲಿ ಎಷ್ಟೋ ಗುದ್ದು ತಿಂದಿದ್ದನು. ಅವನ ತಪ್ಪುಗಳಿಗೆ ಅಂಕಗಳು ಹೋದವು. ಕಾನನ ಒಂದು ತಪ್ಪಿಗೆ ಪಂದ್ಯವೇ ಹೋಯಿತು. ಇಪ್ಪತ್ತೈದು ಪೌಂಡು ಎಂದರೆ ಇದೇ. ಹಗುರದವನು ಗೆಲ್ಲಲಾರ ಎಂದಲ್ಲ. ಹಗುರದವನು ಉದ್ದಕ್ಕೂ ಸರಿಯಾಗಿರಬೇಕು, ಭಾರದವನು ಒಮ್ಮೆ ಸರಿಯಾಗಿದ್ದರೆ ಸಾಕು.

ಇನ್ನು ಇತ್ತೀಚಿನವು. ೨೦೦೯ರ ನವೆಂಬರಿನಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ೨೧೭ ಪೌಂಡಿನ ಡೇವಿಡ್ ಹೇ ಏಳಡಿ ಎತ್ತರದ, ೩೧೬ ಪೌಂಡಿನ ನಿಕೊಲಾಯ್ ವಲುಯೆವನನ್ನು ಅಂಕಗಳಿಂದ ಸೋಲಿಸಿದನು. ೨೦೨೪ರಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ರಿಯಾದಿನಲ್ಲಿ ಟೈಸನ್ ಫ್ಯೂರಿಯನ್ನು ಮೇ ತಿಂಗಳಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಸೋಲಿಸಿದನು. ಎರಡನೆಯ ಸಲ ತೂಕದ ಅಂತರ ಐವತ್ತು ಪೌಂಡಿಗೂ ಮೇಲ್ಪಟ್ಟಿತ್ತು. ಹಾಗಾದರೆ ನಮ್ಮ ಲೆಕ್ಕ ತಪ್ಪೇ? ಅಲ್ಲ. ದೈತ್ಯರನ್ನು ಗೆದ್ದ ಈ "ಚಿಕ್ಕವರ" ತೂಕವನ್ನು ಮತ್ತೊಮ್ಮೆ ನೋಡಿರಿ: ಡೆಂಪ್ಸಿ ೧೮೭, ಹೇ ೨೧೭, ಉಸಿಕ್ ೨೨೦ರ ಮೇಲೆ. ಇವರು ಎಂಬತ್ತೈದು, ನೂರು ಕಿಲೋದ ಗಂಡಸರು. ಯಾವ ತಲೆಯನ್ನಾದರೂ ಅಲ್ಲಾಡಿಸಲು ಬೇಕಾದಷ್ಟು ಭಾರ ಅವರಲ್ಲಿಯೇ ಇತ್ತು. ಅದರಾಚೆಗಿನ ಭಾರ ಎದುರಾಳಿಗೆ ಉಸಿರಿನ ಹೊರೆಯಾಯಿತು. ಇನ್ನೂರು ಪೌಂಡಿನ ಮೇಲೆ ತೂಕದ ಲಾಭ ಇಳಿಯುತ್ತ ಹೋಗುತ್ತದೆ. ಐವತ್ತು ಕಿಲೋದ ಹುಡುಗನಿಗೆ ಅರವತ್ತೈದು ಕಿಲೋದವನನ್ನು ಜೋಡಿ ಮಾಡುವವರು ಉಸಿಕ್‌ನ ಹೆಸರು ಹೇಳಿದರೆ ಅದು ಸಲ್ಲದ ಸಾಕ್ಷ್ಯ.

ಕೆಳಗಿನ ವರ್ಗಗಳಲ್ಲಿ ಎಷ್ಟು ಕಡಿಮೆ ಅಂತರ ಸಾಕೆಂಬುದಕ್ಕೆ ೨೦೧೬ರ ಲಂಡನ್ ಪಂದ್ಯ ನೋಡಬಹುದು. ವೆಲ್ಟರ್ ವರ್ಗದ ಜಟ್ಟಿ ಕೆಲ್ ಬ್ರೂಕ್ ಮಿಡ್ಲ್ ವರ್ಗಕ್ಕೆ ಏರಿ ಗೊಲೊವ್ಕಿನನನ್ನು ಎದುರಿಸಿದನು. ಕೈಯಲ್ಲಿ ಕಡಿಮೆ ಇರಲಿಲ್ಲ; ಒಳ್ಳೆಯ ಗುದ್ದುಗಳನ್ನೇ ಹಾಕಿದನು. ಆದರೆ ಕಣ್ಣಿನ ಗೂಡಿನ ಎಲುಬು ಮುರಿದು, ಐದನೆಯ ಸುತ್ತಿನಲ್ಲಿ ಅವನ ಕಡೆಯವರೇ ಟವೆಲ್ ಎಸೆದರು.

ಇನ್ನೊಂದು ಮೋಸವನ್ನು ಹೇಳದೆ ಈ ಪಾಠ ಪೂರ್ತಿಯಾಗದು. ವೃತ್ತಿಪರರನ್ನು ಪಂದ್ಯದ ಹಿಂದಿನ ದಿನವೇ ತೂಗುತ್ತಾರೆ. ಆದ್ದರಿಂದ ಭಾರದವನು ಬೆವರಿಳಿಸಿ, ನೀರು ಬಿಟ್ಟು, ಒಣಗಿ ತಕ್ಕಡಿ ಹತ್ತುತ್ತಾನೆ. ಇಳಿದೊಡನೆ ಕುಡಿದು ತಿಂದು ಮತ್ತೆ ಭಾರವಾಗುತ್ತಾನೆ. ೨೦೦೦ದ ಫೆಬ್ರವರಿ ೨೬ರಂದು ನ್ಯೂಯಾರ್ಕಿನಲ್ಲಿ ೧೪೧ ಪೌಂಡಿನ ಮಿತಿಯ ಪಂದ್ಯಕ್ಕೆ ಆರ್ಟುರೋ ಗಟ್ಟಿ ಕಣಕ್ಕೆ ಬಂದಾಗ ೧೬೦ ಪೌಂಡು ತೂಗುತ್ತಿದ್ದನು. ಎದುರಾಳಿ ಜೋಯಿ ಗಮಾಶ್ ೧೪೫. ಎರಡನೆಯ ಸುತ್ತಿನಲ್ಲಿ ಗಮಾಶ್ ಬಿದ್ದನು. ಮೆದುಳಿಗೆ ಪೆಟ್ಟಾಗಿ ಮತ್ತೆಂದೂ ಕಣಕ್ಕಿಳಿಯಲಿಲ್ಲ. ಕಾಗದದ ಮೇಲೆ ಇಬ್ಬರೂ ಸಮತೂಕದವರು. ಇನ್ನು ಒಣಗಿದವನು ಸರಿಯಾಗಿ ನೀರು ತುಂಬಿಕೊಳ್ಳದೆ ಕಾದಿದರೆ ಅಪಾಯ ಅವನ ತಲೆಗೇ. ಹವ್ಯಾಸಿ ಕೂಟಗಳಲ್ಲಿ ಪಂದ್ಯದ ದಿನದ ಬೆಳಿಗ್ಗೆ ತೂಗುವ ಪದ್ಧತಿ ಇದಕ್ಕಿಂತ ಮೇಲು, ಆದರೆ ಅದೂ ವಿನೇಶ್ ಅವರಂಥವರ ರಾತ್ರಿಯ ನಿದ್ದೆಯನ್ನು ಕಸಿಯುತ್ತದೆ.

ವರ್ಗಗಳೇ ಸಾಲದಾದಾಗ ಏನಾಗುವುದೆಂಬುದಕ್ಕೆ ಮಣಿಪುರದ ಮೇರಿ ಕೋಮ್ ಸಾಕ್ಷಿ. ೨೦೧೦ರ ವೇಳೆಗೆ ಅವರು ಗೆದ್ದಿದ್ದ ಐದು ವಿಶ್ವಪ್ರಶಸ್ತಿಗಳೂ ೪೫ರಿಂದ ೪೮ ಕಿಲೋ ವರ್ಗಗಳಲ್ಲಿ. ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ಮಹಿಳೆಯರಿಗೆ ಮೊದಲ ಬಾರಿ ಮುಷ್ಟಿಯುದ್ಧ ಬಂದಾಗ ಇದ್ದವು ಮೂರೇ ವರ್ಗ: ೫೧, ೬೦, ೭೫. ಅವರು ಮೇಲೇರಲೇಬೇಕಾಯಿತು. ಸೆಮಿಫೈನಲಿನಲ್ಲಿ ಇಂಗ್ಲೆಂಡಿನ ನಿಕೋಲಾ ಆ್ಯಡಮ್ಸ್ ೧೧-೬ರಿಂದ ಗೆದ್ದರು, ಮೇರಿಯವರಿಗೆ ಕಂಚು. ಆ ಕಂಚಿನಲ್ಲಿ ಮೂರು ಕಿಲೋ ತೂಕ ಹೆಚ್ಚು ಸೇರಿದೆ ಎಂದು ನಾವು ಎಣಿಸುತ್ತೇವೆ. ಹೈದರಾಬಾದಿನ ಕಡೆಯ ವಾಚಕರು ಬಲ್ಲ ನಿಜಾಮಾಬಾದಿನ ನಿಖತ್ ಜರೀನ್ ಅವರದು ಇದರ ತಿರುವು: ೨೦೨೨ರಲ್ಲಿ ೫೨ ಕಿಲೋದಲ್ಲಿ ವಿಶ್ವಪ್ರಶಸ್ತಿ ಗೆದ್ದು, ಒಲಿಂಪಿಕ್ ವರ್ಗಕ್ಕಾಗಿ ೫೦ಕ್ಕೆ ಇಳಿಯಬೇಕಾಯಿತು.

ನಮ್ಮವರಿಗೆ ಇದು ಹೊಸ ವಿಚಾರವೇನಲ್ಲ. ಮೈಸೂರು ದಸರಾ ಕುಸ್ತಿಗೆ ಮುಂಚೆ ಪೈಲ್ವಾನರನ್ನು ನಿಲ್ಲಿಸಿ ನೋಡಿ "ಜೋಡಿ ಕಟ್ಟುವ" ಕೆಲಸ ಬೇರೆಯಾಗಿಯೇ ನಡೆಯುತ್ತದೆ. ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ತಲೆಯಿಂದ ಮೊದಲ ಹನಿ ರಕ್ತ ಬಂದೊಡನೆ ನಿಲ್ಲುತ್ತದೆ. ಚೆನ್ನೈಯ ವಾಚಕರಿಗೆ ಉತ್ತರ ಭಾಗದ ಬಂದರು ಕೇರಿಗಳ ಮುಷ್ಟಿಯುದ್ಧದ ಪರಂಪರೆ, ೨೦೨೧ರ "ಸಾರ್‌ಪಟ್ಟ ಪರಂಬರೈ" ಚಿತ್ರದಿಂದಲಾದರೂ, ಪರಿಚಯವಿರಬಹುದು.

ಇಷ್ಟು ಬರೆಯಲು ಕಾರಣವಿದೆ. ಊರು ಬಿಟ್ಟು ಬಂದ ನಮ್ಮವರ ತಮ್ಮಂದಿರು, ಮಕ್ಕಳು ಈಗ ಹುಡುಗಿಯರೂ ಸೇರಿ ಬಾಕ್ಸಿಂಗ್ ಕಲಿಯಲು ಹೋಗುತ್ತಿದ್ದಾರೆ. ಹೋಗಲಿ, ಒಳ್ಳೆಯ ವ್ಯಾಯಾಮ. ಸೇರಿಸುವ ಮೊದಲು ಅಲ್ಲಿ ತೂಕದ ಯಂತ್ರವಿದೆಯೇ, ಅದರ ಮೇಲೆ ಮಕ್ಕಳನ್ನು ನಿಲ್ಲಿಸಿ ಬರೆದಿಡುತ್ತಾರೆಯೇ ನೋಡಿರಿ. ಪಂದ್ಯಕ್ಕೆ ಎಲ್ಲರೂ ಎಚ್ಚರವಾಗಿರುತ್ತಾರೆ. ಪೆಟ್ಟು ಹೆಚ್ಚು ಬೀಳುವುದು ದಿನದ ಅಭ್ಯಾಸದ ಕಾದಾಟದಲ್ಲಿ, "ಅವನು ಬಂದಿಲ್ಲ, ಇವನೊಡನೆ ಆಡು" ಎಂದು ಯಾರನ್ನೋ ಎದುರಿಗೆ ನಿಲ್ಲಿಸಿದಾಗ. ಅಂಥ ವೇಳೆಯಲ್ಲಿ ಭಾರದವನು ಬರೀ ತಡೆಯುವುದನ್ನು ಅಭ್ಯಾಸ ಮಾಡಲಿ, ತಲೆಗೆ ಹೊಡೆಯುವುದು ಬೇಡ ಎಂದು ಗುರುಗಳನ್ನು ಕೇಳಲು ಸಂಕೋಚಪಡಬಾರದು. ಅಭ್ಯಾಸಕ್ಕೆ ಪಂದ್ಯದ ಹತ್ತು ಔನ್ಸಿನ ಕೈಗವಸಲ್ಲ, ಹದಿನಾಲ್ಕು ಹದಿನಾರು ಔನ್ಸಿನ ದಪ್ಪನೆಯದು ಬೇಕು. ಶಿರಸ್ತ್ರಾಣವಿದೆಯಲ್ಲ ಎಂದು ನಂಬಿ ಕೂರುವಂತಿಲ್ಲ. ಅದು ಚರ್ಮ ಹರಿಯುವುದನ್ನು ತಡೆಯುತ್ತದೆ, ಮೆದುಳು ಅಲುಗುವುದನ್ನು ತಡೆಯುವುದಿಲ್ಲ. ಬೆಳೆಯುವ ಹುಡುಗನಿಗೆ ಕೆಳಗಿನ ವರ್ಗಕ್ಕೆಂದು ಊಟ ನೀರು ಬಿಡಿಸುವ ಗುರುಗಳಿದ್ದರೆ ಬೇರೆ ಕಡೆ ಸೇರಿಸಿರಿ. ತಲೆಗೆ ಪೆಟ್ಟು ಬಿದ್ದು ಒಮ್ಮೆ ಪ್ರಜ್ಞೆ ತಪ್ಪಿದವನನ್ನು ಕಡಿಮೆಯೆಂದರೆ ತೊಂಬತ್ತು ದಿನ ಮತ್ತೆ ಕಣಕ್ಕೆ ಇಳಿಸಬಾರದೆಂಬುದು ಹವ್ಯಾಸಿ ಕೂಟಗಳ ರೂಢಿಯ ನಿಯಮ. ಮನೆಗೆ ಬಂದ ಮೇಲೆ ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು ಮಾತು, ಎಬ್ಬಿಸಿದರೆ ಏಳದಂಥ ನಿದ್ದೆ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.